ಬಂಪರಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಕಾರಿನ ಕಪ್ಪು ಪ್ಲಾಸ್ಟಿಕ್ಕಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಯಾರಾದರೂ ಹೊಸ ಕಾರು ತಂದು ತೋರಿಸಿದರೆ ನಾನು ಮೊದಲು ಹೇಳುವ ಮಾತು ಇದು. ಅವರು ನಗುತ್ತಾರೆ. ಈಗ ಅದಕ್ಕೆಂದೇ ಬಾಟಲಿಯಲ್ಲಿ ಏನೇನೋ ಸಿಗುತ್ತದೆ, ಎಣ್ಣೆ ಯಾರು ಹಚ್ಚುತ್ತಾರೆ ಅನ್ನುತ್ತಾರೆ. ನಾನು ಹಚ್ಚಿದ್ದೇನೆ. ಒಂದು ದಿನವಲ್ಲ, ಇಡೀ ಒಂದು ಬೇಸಿಗೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಪೀಣ್ಯದ ಹತ್ತಿರ, ದಾಸರಹಳ್ಳಿಯಲ್ಲಿ, ಶೀಟು ಹೊದಿಸಿದ ಎರಡು ಕೋಣೆಯ ಮನೆ ನಮ್ಮದು. ಯಜಮಾನರು ಬೇರೆಯವರ ಗಾಡಿ ಓಡಿಸುತ್ತಿದ್ದರು, ನಾನು ಕಾರ್ಖಾನೆಯವರ ಖಾಕಿ ಬಟ್ಟೆ ಹೊಲಿಯುತ್ತಿದ್ದೆ. ಅವರಿಗೆ ಸ್ಟಿಯರಿಂಗ್ ಹಿಡಿಯಲು ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಹಾಗಾಗಿ ಮಾತು ನನ್ನ ಪಾಲಿಗೆ ಬಿತ್ತು. ಆಗ ರಸ್ತೆಯಲ್ಲಿ ಹೊಸದಾಗಿ ಕಾಣುತ್ತಿದ್ದ ಚಿಕ್ಕ ಕಾರೊಂದನ್ನು ಒಬ್ಬ ಡಾಕ್ಟರರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆವು. ದರ ಇಳಿಸಲು ಅವರ ಮನೆಗೆ ಐದು ಸಲ ಹೋಗಿ ಬಂದವಳು ನಾನು. ಐದನೆಯ ಸಲ ಡಾಕ್ಟರರ ಹೆಂಡತಿಯೇ, "ಕೊಟ್ಬಿಡ್ರೀ, ಈಯಮ್ಮ ಇನ್ನೊಂದ್ಸಲ ಬಂದ್ರೆ ನಾನೇ ತವರಿಗೆ ಹೊರಟ್ಹೋಗ್ತೀನಿ" ಅಂದರು.

ಕಾರು ಪೀಣ್ಯದ ಒಂದು ಕಾರ್ಖಾನೆಗೆ ಗುತ್ತಿಗೆಗೆ ಹೋಯಿತು. ಹೊರಗಿನಿಂದ ಬರುವ ಅತಿಥಿಗಳನ್ನು ರೈಲ್ವೆ ಸ್ಟೇಷನ್ನಿನಿಂದ, ವಿಮಾನ ನಿಲ್ದಾಣದಿಂದ ಕರೆತರುವ ಕೆಲಸ. ವರ್ಷಕ್ಕೊಮ್ಮೆ ಕಾರ್ಖಾನೆಯ ಸಾರಿಗೆ ಆಫೀಸರು ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಅತಿಥಿಗಳ ಮುಂದೆ ನಿಲ್ಲಿಸುವ ಹಾಗಿದ್ದರೆ ಗುತ್ತಿಗೆ ಮುಂದುವರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅವರು ಇಂಜಿನ್ ತೆರೆದು ನೋಡುವವರಲ್ಲ, ಕಣ್ಣಿಗೆ ಕಂಡದ್ದೇ ಸತ್ಯ. ಆ ಗುತ್ತಿಗೆ ತಪ್ಪಿದರೆ ಗಾಡಿ ಮಾರಬೇಕು, ಯಜಮಾನರು ಮತ್ತೆ ಇನ್ನೊಬ್ಬರ ಕಾರಿನ ಬಾಗಿಲು ತೆರೆಯುತ್ತಾ ನಿಲ್ಲಬೇಕು. ಅದೊಂದು ಆಗಬಾರದು ಅಂತ ನಾನು ಹಟ ಹಿಡಿದಿದ್ದೆ.

ಹಳೆಯ ಕಾರುಗಳ ಬಂಪರ್ ಉಕ್ಕಿನದು, ಒರೆಸಿದರೆ ಫಳಫಳ ಹೊಳೆಯುತ್ತಿತ್ತು. ನಮ್ಮದು ಕಪ್ಪು ಪ್ಲಾಸ್ಟಿಕ್. ಡಾಕ್ಟರರ ಶೆಡ್ಡಿನಲ್ಲಿ ಇದ್ದಷ್ಟು ದಿನ ಕಪ್ಪಾಗಿಯೇ ಇತ್ತು. ಕಾರ್ಖಾನೆಯ ಅಂಗಳದಲ್ಲಿ ಗುತ್ತಿಗೆ ಗಾಡಿಗಳಿಗೆ ಕೊಟ್ಟದ್ದು ಪೂರ್ವದ ಗೋಡೆಗೆ ಬೆನ್ನು ಮಾಡಿ ನಿಲ್ಲುವ ಜಾಗ, ಗ್ರೈಂಡಿಂಗ್ ಶೆಡ್ಡಿನ ಪಕ್ಕ. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ನೇರ ಗಾಡಿಯ ಮುಖಕ್ಕೆ. ಕೆಲವೇ ತಿಂಗಳಲ್ಲಿ ಬಂಪರ್ ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಕನ್ನಡಿಯ ಬೆನ್ನು, ಬಾಗಿಲ ಪಟ್ಟಿ. ಬಾಡಿಯ ಬಣ್ಣ ಹೊಸದರಂತಿದ್ದರೂ ಗಾಡಿಗೆ ಮುಪ್ಪು ಬಂದ ಹಾಗೆ ಕಾಣುತ್ತಿತ್ತು.

ಮೊದಲು ಶೂ ಪಾಲಿಶ್ ಹಚ್ಚಿದೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಅತಿಥಿಯೊಬ್ಬರು ಡಿಕ್ಕಿಯಿಂದ ಪೆಟ್ಟಿಗೆ ಎತ್ತಿಕೊಳ್ಳುವಾಗ ಬಂಪರಿಗೆ ಒರಗಿದರು. ಬಿಳಿ ಪ್ಯಾಂಟು. ಆ ಪ್ಯಾಂಟನ್ನು ಮನೆಗೆ ತರಿಸಿ ನಾನೇ ಕಲೆ ಒಗೆದು, ಇಸ್ತ್ರಿ ಮಾಡಿ ಕಳಿಸಿದೆ. ಪಾಲಿಶ್ ಡಬ್ಬಿ ಮೂಲೆಗೆ ಹೋಯಿತು.

ಆಮೇಲೆ ಎಣ್ಣೆ. ಪೀಣ್ಯದಲ್ಲಿ ಬದುಕಿದವರಿಗೆ ಇದು ಸಹಜವಾಗಿ ಬರುವ ಬುದ್ಧಿ. ಅಲ್ಲಿ ಯಾರೂ ಸಂಜೆ ಹಾಗೇ ಕೈ ತೊಳೆದು ಮನೆಗೆ ಹೋಗುವುದಿಲ್ಲ; ಲೇತ್ ಒರೆಸಿ ಎಣ್ಣೆ ಹಚ್ಚುತ್ತಾರೆ, ಅಳತೆಯ ಸಾಮಾನಿಗೆ ಎಣ್ಣೆ ಹಚ್ಚಿ ಪೆಟ್ಟಿಗೆಗೆ ಇಡುತ್ತಾರೆ. ನನ್ನ ಹೊಲಿಗೆ ಮಿಷನ್ನಿಗೂ ಕತ್ತರಿಗೂ ದಿನಾ ಎಣ್ಣೆ ಕಾಣಿಸುತ್ತಿದ್ದೆ. ಕಬ್ಬಿಣವನ್ನು ಹಾಗೆ ಸಾಕಿದ ನಮಗೆ ಪ್ಲಾಸ್ಟಿಕ್ಕಿಗೂ ಅದೇ ಆರೈಕೆ ಸಾಕು ಅನ್ನಿಸಿತು. ಬೆಳಿಗ್ಗೆ ಅವರು ಹೊರಡುವ ಮುಂಚೆ ಬನಿಯನ್ ಚೂರಿನಲ್ಲಿ ಕೊಬ್ಬರಿ ಎಣ್ಣೆ ಅದ್ದಿ ತಿಕ್ಕುತ್ತಿದ್ದೆ. ಬಂಪರ್ ಮಿರಮಿರ ಮಿಂಚುತ್ತಿತ್ತು. ಹೊಲಿದ ಬಟ್ಟೆ ಕೊಡಲು ಹೋದಾಗ ಕಾರ್ಖಾನೆಯ ಗೇಟಿನ ಹತ್ತಿರ ನಾಲ್ಕು ಜನ ಡ್ರೈವರುಗಳಿಗೆ ನಾನೇ ಮೈಮೇಲೆ ಬಿದ್ದು ಈ ಉಪಾಯ ಹೇಳಿಕೊಟ್ಟೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಗ್ರೈಂಡಿಂಗ್ ಶೆಡ್ಡಿನಿಂದ ಕಬ್ಬಿಣದ ಪುಡಿ ಗಾಳಿಗೆ ಹಾರುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಯಜಮಾನರ ಅಂಗಿಯ ಕಾಲರಿನಿಂದ ದಿನಾ ಅದನ್ನೇ ಒಗೆದು ತೆಗೆಯುತ್ತಿದ್ದೆ. ಆದರೆ ಎಣ್ಣೆ ಜಿಡ್ಡಿಗೆ ಅದು ಕೂತು, ಬಿಸಿಲಿಗೆ ಹದವಾಗಿ ಬೆಂದು ಅಂಟಿಕೊಳ್ಳುತ್ತದೆಂದು ಹೊಳೆಯಲಿಲ್ಲ. ಕಪ್ಪಿನ ಮೇಲೆ ಕಪ್ಪು ಪುಡಿ, ಕಾಣಿಸಲೂ ಇಲ್ಲ. ನಾನು ಅದರ ಮೇಲೇ ಮತ್ತೆ ಎಣ್ಣೆ ಹಚ್ಚುತ್ತಾ ಹೋದೆ.

ಬೇಸಿಗೆ ಮುಗಿದು ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ದಿನ ಬಂಪರ್ ಕೆಂಪಾಗಿತ್ತು. ಅಲ್ಲಲ್ಲಿ ಚುಕ್ಕೆ, ಅಲ್ಲಲ್ಲಿ ಇಳಿದ ಗೆರೆ. ಕಾರ್ಖಾನೆಯ ಉಳಿದ ಡ್ರೈವರುಗಳು ಯಜಮಾನರನ್ನು ಸುತ್ತುವರಿದರಂತೆ.

"ಪ್ಲಾಸ್ಟಿಕ್‌ಗೆ ತುಕ್ಕು ಹಿಡಿಸಿದ ಮೊದಲನೇ ಗಂಡಸು ಕಣ್ ಗುರು ನೀನು!"

"ಏನಣ್ಣಾ, ಗಾಡಿಗೆ ಕುಂಕುಮ ಇಟ್ಟಿದೀಯಾ? ಹೊಸ ಮದ್ವೆನಾ?"

ನಗು ಕೇಳಿ ಆಫೀಸರೂ ಬಂದು ನೋಡಿದರು. ಗುತ್ತಿಗೆ ಮುಗಿಯುವ ತಿಂಗಳು ಅದೇ. ಮುಂದಿನ ತಿಂಗಳಿಂದ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಅಂದು ಒಳಗೆ ಹೋದರು. ಯಜಮಾನರು ಮನೆಗೆ ಬಂದು ಇಷ್ಟನ್ನೂ ಹೇಳಿ, ಬಂಪರ್ ತೊಳೆಯಲು ಬಕೆಟ್ಟಿಗೆ ಕೈ ಹಾಕಿದರು.

"ಮುಟ್ಬೇಡಿ," ಅಂದೆ. "ಹಂಗೇ ಇರ್ಲಿ. ನಾಳೆ ನಾನು ಬರ್ತೀನಿ."

ಬೆಳಿಗ್ಗೆ ಅವರ ಜೊತೆ ಅದೇ ಗಾಡಿಯಲ್ಲಿ ಹೋದೆ. ಕೆಳಗೆ ಬಿದ್ದ ಸೂಜಿಗಳನ್ನು ಆರಿಸಲು ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ ಅಯಸ್ಕಾಂತ ಕೈಯಲ್ಲಿತ್ತು. ಆಫೀಸರು ಅಂಗಳಕ್ಕೆ ಬರುವವರೆಗೆ ನಿಂತೇ ಇದ್ದೆ.

"ಏನಮ್ಮಾ, ಗುಜರಿಯಿಂದ ಎಳ್ಕೊಂಡ್ ಬಂದಂಗಿದೆ ನಿಮ್ ಗಾಡಿ. ನಮ್ ಗೆಸ್ಟ್ ಏನಂದ್ಕೋತಾರೆ?"

"ಸಾರ್, ಪ್ಲಾಸ್ಟಿಕ್‌ಗೆ ತುಕ್ಕು ಹಿಡಿಯತ್ತಾ?"

"ಅದನ್ನೇ ನಾನೂ ಕೇಳ್ತಿರೋದು."

"ಇದು ನಮ್ ತುಕ್ಕಲ್ಲ ಸಾರ್. ನಿಮ್ದು."

ಉಗುರಿನಿಂದ ಜಿಡ್ಡನ್ನು ಕೆರೆದು ಕಾಗದದ ಮೇಲೆ ಹಾಕಿ, ಕೆಳಗಿನಿಂದ ಅಯಸ್ಕಾಂತ ಆಡಿಸಿದೆ. ತುಕ್ಕಾಗದೆ ಉಳಿದಿದ್ದ ಪುಡಿ ಅದರ ಹಿಂದೆಯೇ ಹರಿಯಿತು. ನಾನು ಶೆಡ್ಡಿನ ಕಡೆ ನೋಡಿದೆ, ಅವರೂ ನೋಡಿದರು. ಆದರೆ ಅವರೂ ಕಾರ್ಖಾನೆಯಲ್ಲಿ ತಲೆ ನರೆಸಿದವರು. ಬಂಪರಿನ ಮೇಲೆ ಬೆರಳೆಳೆದು ಮೂಸಿದರು.

"ಪುಡಿ ನಮ್ದು, ಒಪ್ದೆ. ಅಂಟಿಸ್ಕೊಂಡಿದ್ದು ಯಾರು? ಗಾಡಿಗೆ ತಲೆಗ್ ಹಾಕೋ ಎಣ್ಣೆ ಹಚ್ಚಿ ಅಂತ ನಾವು ಹೇಳಿದ್ವಾ?"

ಸಿಕ್ಕಿಬಿದ್ದಾಗ ತಪ್ಪನ್ನು ಪೂರ್ತಿ ಅಲ್ಲಗಳೆಯಬೇಡಿ, ಪಾಲು ಮಾಡಿ. ಇದನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ.

"ಅರ್ಧ ತಪ್ಪು ನಂದು ಸಾರ್. ಅರ್ಧ ನಿಮ್ದು. ಹಂಗಾದ್ರೆ ಪೂರ್ತಿ ವರ್ಷ ಬೇಡ, ಅರ್ಧ ವರ್ಷ ಕೊಡಿ."

ಅವರು ನಕ್ಕುಬಿಟ್ಟರು. "ಆಯ್ತು. ಆರು ತಿಂಗಳು. ನಾಡಿದ್ದಿನೊಳಗೆ ಗಾಡಿ ಕ್ಲೀನಾಗಿರ್ಬೇಕು."

"ನಿಲ್ಸೋ ಜಾಗ ಒಂದ್ ಚೂರು ಆ ಕಡೆ…"

"ಅದೆಲ್ಲ ಆಗಲ್ಲಮ್ಮ. ನಿಮಗೆ ಕೊಟ್ರೆ ಎಲ್ರೂ ಕೇಳ್ತಾರೆ."

ಆವತ್ತು ಸಂಜೆ ಹುಣಸೆ ನೀರಿನಲ್ಲಿ ತಿಕ್ಕಿ, ಸಾಬೂನು ಹಾಕಿ ಮತ್ತೆ ತಿಕ್ಕಿದೆ. ಕೆಂಪು ಹೋಯಿತು, ಬೆರಳಿನ ತುದಿ ಸುಲಿಯಿತು. ಅಡಿಯಿಂದ ಕಂಡದ್ದು ಅದೇ ಬೂದಿ ಬಣ್ಣ. ಬಿಸಿಲು ತಿಂದ ಕಪ್ಪು ತಿಕ್ಕಿದರೆ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಷ್ಟೇ. ನಾನು ಹಳೆಯ ಪಂಚೆಯನ್ನು ಎರಡು ಪದರ ಮಾಡಿ, ಲಾಡಿ ಕೊಟ್ಟು, ಮುಂದೆ ಹಿಂದೆ ಬಂಪರಿಗೂ ಎರಡು ಕನ್ನಡಿಗೂ ಮುಸುಕು ಹೊಲಿದೆ. ಗಾಡಿ ನಿಂತ ಕೂಡಲೇ ಕಟ್ಟಬೇಕು, ಹೊರಡುವ ಮುಂಚೆ ಬಿಚ್ಚಬೇಕು. ಮರುದಿನವೇ ಡ್ರೈವರೊಬ್ಬ, "ಅಕ್ಕ ಗಾಡಿಗೆ ಲಂಗ ಹೊಲ್ದವ್ರೆ ಕಣ್ರೋ" ಎಂದು ಅಂಗಳಕ್ಕೆಲ್ಲ ಸಾರಿದನಂತೆ. ವಾರಕ್ಕೊಂದು ಸಲ ಮುಸುಕು ಒಗೆದರೆ ಬಕೆಟ್ಟಿನ ತಳದಲ್ಲಿ ಪುಡಿ ಕೂರುತ್ತಿತ್ತು.

ಬಂಪರ್ ತಿಕ್ಕಿದ ದಿನ ರಾತ್ರಿ ಊಟಕ್ಕೆ ಕೂತಾಗ ಯಜಮಾನರು, "ಗೆದ್ಯಲ್ಲೇ" ಅಂದರು. ನನಗೆ ತುತ್ತು ಕಲಸಲು ಬೆರಳು ಉರಿಯುತ್ತಿತ್ತು. ಹೂಂ ಅಂದೆ.

ಆರು ತಿಂಗಳಾದ ಮೇಲೆ ಮತ್ತೆ ಹೋದೆ. ಆಫೀಸರು ಮುಸುಕಿನ ಒಂದು ತುದಿಯನ್ನು ಎತ್ತಿ ನೋಡಿ, ಕೆಳಗೆ ಬಿಟ್ಟು, "ಇನ್ನೊಂದಾರು ತಿಂಗಳು" ಅಂದರು. ವರ್ಷ ಕೇಳಿದೆ. "ನೀವೇ ಕೇಳಿದ್ದಲ್ವೇನಮ್ಮಾ ಅರ್ಧ?" ಅಂದರು. ಉಳಿದ ಗಾಡಿಯವರು ವರ್ಷಕ್ಕೊಮ್ಮೆ ಅವರ ಮುಂದೆ ನಿಲ್ಲುತ್ತಿದ್ದರು. ಆ ಕಾರು ನಮ್ಮ ಹತ್ತಿರ ಇದ್ದಷ್ಟು ಕಾಲ ನಾನು ವರ್ಷಕ್ಕೆರಡು ಸಲ ನಿಂತೆ.