ರಿಪೋರ್ಟಿಗೆ ಮುಂಚೆ ಹೇಳಿದ ಪಥ್ಯ

ನಂಜನಗೂಡಿನ ಆ ನರ್ಸಿಂಗ್ ಹೋಮಿಗೆ ಬರುವ ಹಳ್ಳಿಯವರ ಬಾಯಲ್ಲಿ ರೋಜಾ ಅಂದರೆ ಪಥ್ಯದ ಮೇಡಮ್ಮು. ಬಾಗಿಲ ಮೇಲೆ ‘ಡಯಟೀಷಿಯನ್’ ಎಂಬ ಬೋರ್ಡಿತ್ತು, ಆದರೆ ಆ ಮಾತು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಅವಳು ತಗಡೂರಿನ ಆಚೆಯ ಒಂದು ಸಣ್ಣ ಹಳ್ಳಿಯವಳು. ಅಪ್ಪ ಮಂಟೇಸ್ವಾಮಿ ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದ. ಅವ್ವ ಮರಿತಾಯಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಗೃಹವಿಜ್ಞಾನ ಓದಿ, ಅದರ ಮೇಲೊಂದು ಡಿಪ್ಲೊಮಾ ಮುಗಿಸಿ ಬಂದಾಗ ಮಂಟೇಸ್ವಾಮಿ, “ಉಣ್ಣೋದ ಏಳಿಕೊಡಕ್ಕೂ ಇಷ್ಟೊಂದು ಓದ್ಬೇಕೇನವ್ವ?” ಎಂದು ನಕ್ಕಿದ್ದ. ನಕ್ಕರೂ, ಅವಳಿಗೆ ಕೆಲಸ ಸಿಕ್ಕಿದ ದಿನ ಬೀದಿಯ ಎಲ್ಲರಿಗೂ ಬೂಂದಿ ಹಂಚಿದ್ದ.

ರೋಜಾ ಹುಟ್ಟಾ ಪುಕ್ಕಲು ಸ್ವಭಾವದವಳು. ಬೀಗ ಹಾಕಿ ಬಂದ ಮೇಲೂ ಹಿಂದಕ್ಕೆ ಹೋಗಿ ಎಳೆದು ನೋಡುವವಳು. ಯಾರಿಗಾದರೂ ಪಥ್ಯ ಹೇಳಿ ಕಳಿಸಿದ ಮೇಲೆ ಸಂಜೆ ಬಸ್ಸಿನಲ್ಲಿ ಕೂತು, ಏನು ಹೇಳಿದೆ, ಏನು ಬಿಟ್ಟೆ ಎಂದು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತಿದ್ದಳು. ಕಾಲೇಜಿನಲ್ಲಿ ಪಾಠ ಹೇಳಿದ ಇಂದ್ರಾಣಿ ಮಿಸ್ಸು ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟಾಗಿದ್ದರು. ರಕ್ತದ ರಿಪೋರ್ಟು ಕಣ್ಣಿಂದ ನೋಡದೆ ಯಾರಿಗೂ ಊಟ ಬದಲಾಯಿಸಬೇಡಿ, ಅವಸರ ಮಾಡುವವರು ಮಾಡಲಿ, ನೀವು ಮಾಡಬೇಡಿ ಎನ್ನುತ್ತಿದ್ದರು. ರೋಜಾ ಆರು ವರ್ಷ ಆ ಮಾತು ಮೀರಿರಲಿಲ್ಲ.

ಮೀರಿದ್ದು 2002ರ ಬೇಸಿಗೆಯ ಒಂದು ಸೋಮವಾರ. ಸೋಮವಾರವೆಂದರೆ ನಂಜುಂಡೇಶ್ವರನ ದರ್ಶನಕ್ಕೆ ಬಂದವರೆಲ್ಲ ಹಾಗೇ ಡಾಕ್ಟರಿಗೂ ಮುಖ ತೋರಿಸಿ ಹೋಗುವ ದಿನ, ಕೂರಲು ಜಾಗವಿರುವುದಿಲ್ಲ. ತಲಕಾಡಿನ ಬೆಲ್ಲದ ವ್ಯಾಪಾರಿ ಶಿವಸ್ವಾಮಿ ಹೆಂಡತಿ ಚನ್ನಬಸಮ್ಮನ ಭುಜ ಹಿಡಿದು ಒಳಗೆ ಬಂದರು. ಹಣೆಯಲ್ಲಿ ವಿಭೂತಿ, ಊದಿಕೊಂಡ ಪಾದ. ನರ್ಸಿಂಗ್ ಹೋಮಿನ ಯಜಮಾನರೂ ಆಗಿದ್ದ ಡಾಕ್ಟರ್ ಗುರುಪ್ರಸಾದ್, ಶಿವಸ್ವಾಮಿಯವರನ್ನು ನೋಡಿ, ಬಿಪಿ ಜಾಸ್ತಿಯಿದೆಯೆಂದು ಮಾತ್ರೆ ಕೊಟ್ಟು, ರಕ್ತ ತೆಗೆಸಿ, ‘ಉಪ್ಪು ಕಡಿಮೆ ಮಾಡಲು ಹೇಳಿ’ ಎಂದು ರೋಜಾಳ ಬಳಿ ಕಳಿಸಿದ್ದರು.

“ರಿಪೋರ್ಟು ನಾಳೆ ಬರುತ್ತೆ ಅಮ್ಮ. ನಾಳೆ ಬಂದರೆ ಸರಿಯಾಗಿ ಹೇಳ್ತೀನಿ” ಎಂದಳು ರೋಜಾ.

“ನಾಳೆ ಎಲ್ಲಿ ಬರಾದವ್ವ? ಇವರ ಕಾಲು ನೋಡು. ನರಸೀಪುರದಲ್ಲಿ ಬಸ್ ಹತ್ಸಿ ಇಳ್ಸೋ ಒತ್ಗೆ ನನ್ ಜೀವ ಬಾಯ್ಗೆ ಬಂತು. ಒಂದೀಟು ಏಳಿ ಕಳ್ಸವ್ವ, ನಿನ್ ಒಟ್ಟೆ ತಣ್ಣಗಿರಲಿ.”

ಹೊರಗೆ ಕಾಯುತ್ತಿದ್ದವರು ಗೊಣಗುವುದು ಕೇಳಿಸುತ್ತಿತ್ತು. ರೋಜಾ ಮನಸ್ಸಿನಲ್ಲೇ ‘ಬಿಪಿ ತಾನೆ’ ಅಂದುಕೊಂಡಳು. ಉಪ್ಪಿನಕಾಯಿ, ಹಪ್ಪಳ ಬೇಡ. ಮಾಮೂಲಿ ಉಪ್ಪಿನ ಬದಲು ಮೆಡಿಕಲ್ ಶಾಪಿನಲ್ಲಿ ಸಿಗುವ ಬಿಪಿಯವರ ಉಪ್ಪು ಹಾಕಿ. ದಿನಾ ಎಳನೀರು ಕುಡಿಸಿ, ರಸಬಾಳೆ ಕೊಡಿ, ಸೊಪ್ಪಿನ ಸಾರು ಮಾಡಿ. ಬಿಪಿ ಮಾತ್ರ ಇದ್ದವರಿಗೆ ಅದು ಒಳ್ಳೆಯ ಪಥ್ಯವೇ. ಚನ್ನಬಸಮ್ಮ ಒಂದೊಂದನ್ನೂ ಬೆರಳು ಮಡಿಸಿ ಬಾಯಿಪಾಠ ಮಾಡಿಕೊಂಡು ಹೋದಳು.

ಮಂಗಳವಾರ ರೋಜಾಳಿಗೆ ರಜೆ. ಬುಧವಾರ ಬೆಳಿಗ್ಗೆ ಅವಳಿನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ, ಲ್ಯಾಬಿನ ನಾಗೇಂದ್ರ ಬಾಗಿಲಿಗೆ ಬಂದ.

“ಮೇಡಂ, ಆ ತಲಕಾಡಿನ ಯಜಮಾನ್ರು ಮತ್ತೆ ಬಂದಿದ್ರಾ? ಅವರ ಕಿಡ್ನಿ ಪೂರ್ತಿ ಕೈಕೊಟ್ಟದೆ ಕಣ್ರೀ. ಪೊಟ್ಯಾಶಿಯಂ ಆಗ್ಲೇ ಏರಿ ಕೂತದೆ.”

ರೋಜಾ ಅವನ ಕೈಯಿಂದ ರಿಪೋರ್ಟು ಕಸಿದುಕೊಂಡು ನೋಡಿದಳು. ಕಿಡ್ನಿ ಕೆಟ್ಟವರ ಮೈಯಿಂದ ಪೊಟ್ಯಾಶಿಯಂ ಹೊರಗೆ ಹೋಗುವುದಿಲ್ಲ, ರಕ್ತದಲ್ಲೇ ನಿಲ್ಲುತ್ತದೆ, ನಿಂತು ನಿಂತು ಒಂದು ಗಳಿಗೆಯಲ್ಲಿ ಎದೆಬಡಿತವನ್ನೇ ನಿಲ್ಲಿಸಿಬಿಡುತ್ತದೆ. ಎಳನೀರಿನಲ್ಲಿ ಅದು ತುಂಬಿದೆ. ಬಾಳೆಹಣ್ಣಿನಲ್ಲಿದೆ, ಸೊಪ್ಪಿನಲ್ಲಿದೆ. ಬಿಪಿಯವರ ಉಪ್ಪಂತೂ ಮುಕ್ಕಾಲು ಪಾಲು ಅದೇ. ಹುಡುಕಿ ಹುಡುಕಿ ಹೇಳಿದ್ದರೂ ಇದಕ್ಕಿಂತ ಕೆಟ್ಟ ಊಟ ಹೇಳಲು ಆಗುತ್ತಿರಲಿಲ್ಲ.

ಶಿವಸ್ವಾಮಿಯವರ ಅಂಗಡಿಯ ಫೋನು ಎಷ್ಟು ಸಲ ತಿರುಗಿಸಿದರೂ ಯಾರೂ ಎತ್ತಲಿಲ್ಲ. ಅವಳು ಓಡುತ್ತ ಡಾಕ್ಟರ್ ಗುರುಪ್ರಸಾದರ ಕೋಣೆಗೆ ಹೋಗಿ, ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಅವರೂ ಬೆಚ್ಚಿದರು. ಮಂಗಳವಾರವೆಲ್ಲ ಅವರು ಮೈಸೂರಿನಲ್ಲಿದ್ದರು, ರಿಪೋರ್ಟು ನೋಡಿರಲಿಲ್ಲ. ಪೆನ್ನು ತಿರುಗಿಸುತ್ತ, “ನಮ್ಮ ವ್ಯಾನು ಊರಲ್ಲಿಲ್ಲ. ನೀವೇ ಹೋಗಿ, ಕೂಡಲೇ ದೊಡ್ಡಾಸ್ಪತ್ರೆಗೆ ಸೇರಿಸಿ ಅಂತ ಹೇಳಿ. ಆದರೆ ರೋಜಾ, ಪಥ್ಯ ತಪ್ಪಾಯ್ತು ಅಂತ ಮಾತ್ರ ಬಾಯಿ ಬಿಡಬೇಡಿ. ಕಾಯಿಲೆ ಜಾಸ್ತಿಯಾಗಿದೆ, ಊಟ ಬದಲಾಯಿಸಬೇಕು ಅಂದರೆ ಸಾಕು. ಅದೇನೂ ಸುಳ್ಳಲ್ಲವಲ್ಲ?” ಎಂದರು.

“ಕಾಯಿಲೆ ಸೋಮವಾರವೂ ಇತ್ತು ಸರ್.”

“ಇಲ್ಲಿ ನಲವತ್ತು ಜನ ಕೆಲಸ ಮಾಡ್ತಾರೆ. ಅವರನ್ನೂ ಸ್ವಲ್ಪ ಯೋಚನೆ ಮಾಡಿ.”

ಅವಳು ತಲೆಯಾಡಿಸಿದಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ನರಸೀಪುರದ ಬಸ್ಸು ಹೊರಡುವುದರಲ್ಲಿತ್ತು, ಹತ್ತಿ ಕೂತಳು.

ಬಸ್ಸು ಪ್ರತಿ ಊರಿನಲ್ಲೂ ನಿಂತಿತು. ಕಂಡಕ್ಟರ್ ಯಾರೊಂದಿಗೋ ಚಿಲ್ಲರೆಗೆ ಜಗಳ ತೆಗೆದ. ಒಬ್ಬಳು ಕೋಳಿ ಬುಟ್ಟಿ ಹತ್ತಿಸಲು ಹೊತ್ತು ಮಾಡಿದಳು. ರೋಜಾ ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿಯೇ ಕೂತಿದ್ದಳು. ಈ ಹೊತ್ತಿಗೆ ಎಳನೀರು ಕೆತ್ತುತ್ತಿರಬಹುದು. ಈಗ ಲೋಟಕ್ಕೆ ಬಗ್ಗಿಸುತ್ತಿರಬಹುದು. ಡಾಕ್ಟರು ಹೇಳಿದ ಹಾಗೇ ಹೇಳಿದರೆ ಯಾರಿಗೆ ಏನು ನಷ್ಟ ಎಂದು ಒಂದು ಮನಸ್ಸು ಕೇಳಿತು. ಕೆಲಸ ಹೋದರೆ ಅಪ್ಪನ ಮುಖ ಹೇಗೆ ನೋಡುವುದು? ‘ಆ ಕೇರಿಯವರು ಓದಿದರೆ ಇಷ್ಟೇ’ ಎಂದು ಆಡಿಕೊಳ್ಳುವವರಿಗೂ ಕಡಿಮೆಯಿರಲಿಲ್ಲ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ರಾಶಿ ಹಾಕಿಕೊಂಡು ಕೂತಿದ್ದ ಎಳನೀರಿನವನನ್ನು ನೋಡಿ ಅವಳು ಮುಖ ತಿರುಗಿಸಿಕೊಂಡಳು. ತಲಕಾಡಿನ ಬಸ್ಸು ಸಿಕ್ಕಿ, ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಮರಳು ದಾರಿಯಲ್ಲಿ ಚಪ್ಪಲಿ ಹೂತು ಹೋಗುತ್ತಿತ್ತು. ಅದನ್ನು ಕಳಚಿ ಕೈಯಲ್ಲಿ ಹಿಡಿದೇ ಓಡಿದಳು.

ಚನ್ನಬಸಮ್ಮ ಜಗಲಿಯ ಮೇಲೆ ಸೊಪ್ಪು ಸೋಸುತ್ತ ಕೂತಿದ್ದಳು. ಇವಳನ್ನು ಕಂಡು ಮುಖ ಅರಳಿತು.

“ಅಯ್ಯೋ, ಪಥ್ಯದ ಮೇಡಮ್ಮು! ನೀನು ಏಳ್ದಂಗೇ ಮಾಡ್ತಿವ್ನಿ ಕಣವ್ವ, ಒಂದೂ ಬಿಟ್ಟಿಲ್ಲ. ಬೆಳಗ್ಗೆ ಒಂದು ಎಳ್ನೀರು, ಈಗೊಂದು. ಉಪ್ಪೂ ಅದೇ ತಂದಿವ್ನಿ.”

“ಅವರೆಲ್ಲಿ ಅಮ್ಮ?”

“ಒಳಗೆ ಮಲಗವ್ರೆ. ಕಾಲಲ್ಲಿ ತ್ರಾಣವೇ ಇಲ್ಲ ಅಂತಾರೆ. ಬಿಸ್ಲಿಗಿರಬೌದು ಅಂದ್ಕಂಡೆ.”

ಹೊಸಿಲ ಬಳಿ ರೋಜಾಳ ಕಾಲು ತಾನಾಗಿ ನಿಂತಿತು. ಇಂಥ ಮನೆಗಳಲ್ಲಿ ಜಗಲಿಯಿಂದಾಚೆ ಅವಳು ಯಾವತ್ತೂ ಹೋದವಳಲ್ಲ. ಒಳಗಿನಿಂದ ಶಿವಸ್ವಾಮಿ ನರಳಿದ್ದು ಕೇಳಿ, ದಾಟಿ ನುಗ್ಗಿದಳು. ಅವರ ಕೈ ತಣ್ಣಗಿತ್ತು. ನಾಡಿ ನಿಧಾನವಾಗಿ, ತಡವರಿಸುತ್ತ ಬಡಿಯುತ್ತಿತ್ತು. ಮಂಚದ ಪಕ್ಕದ ಲೋಟದಲ್ಲಿ ಅರ್ಧ ಎಳನೀರು ಉಳಿದಿತ್ತು. ಅದನ್ನು ಎತ್ತಿ ಹಿತ್ತಲಿಗೆ ಚೆಲ್ಲಿದಳು.

“ಅದ್ಯಾಕವ್ವ ಚೆಲ್ದೆ?” ಚನ್ನಬಸಮ್ಮನ ದನಿ ಬದಲಾಗಿತ್ತು.

ರೋಜಾ ಲೋಟ ಕೆಳಗಿಟ್ಟಳು. “ಅಮ್ಮ, ಅವರ ಕಿಡ್ನಿ ಕೆಟ್ಟಿದೆ. ನಾನು ರಿಪೋರ್ಟು ನೋಡದೆ ಪಥ್ಯ ಹೇಳಿದೆ. ಹೇಳಿದ್ದು ತಪ್ಪು. ಈ ಎಳನೀರು, ಹಣ್ಣು, ಆ ಉಪ್ಪು ಎಲ್ಲಾ ಅವರಿಗೆ ವಿಷ. ತಪ್ಪು ನಂದು, ನಿಮ್ಮದಲ್ಲ. ಈಗ ಮಾತಾಡೋ ಹೊತ್ತಿಲ್ಲ, ಗಾಡಿ ಬೇಕು.”

ಚನ್ನಬಸಮ್ಮ ಅವಳ ಮುಖವನ್ನೇ ನೋಡಿದಳು. ಬೀದಿಗೆ ಓಡಿ ಪಕ್ಕದ ಮನೆಯವರ ವ್ಯಾನು ತರಿಸಿದಳು.

ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಗೆ ರೋಜಾ ರಿಪೋರ್ಟು ಕೊಟ್ಟು, ಸೋಮವಾರದಿಂದ ಹೊಟ್ಟೆಗೆ ಹೋದದ್ದನ್ನೆಲ್ಲ ಹೇಳಿದಳು. “ಯಾರು ಹೇಳಿದ್ದು ಇದನ್ನ?” ಎಂದರು ವೈದ್ಯೆ. “ನಾನೇ.” ಅವರು ಮತ್ತೇನೂ ಕೇಳದೆ ಇಸಿಜಿ ತೆಗೆಸಿ, ಎದೆ ನಿಲ್ಲದಂತೆ ಇಂಜೆಕ್ಷನ್ ಕೊಟ್ಟು, ತಾವೇ ಮೈಸೂರಿಗೆ ಫೋನು ಮಾಡಿ ಆಂಬುಲೆನ್ಸು ಹತ್ತಿಸಿದರು. ದಾರಿಯುದ್ದಕ್ಕೂ ರೋಜಾ ಆ ಮುದುಕರ ಮಣಿಕಟ್ಟು ಬಿಡಲಿಲ್ಲ.

ಮೈಸೂರಿನಲ್ಲಿ ಡಯಾಲಿಸಿಸ್ ಕೋಣೆಯ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಸುದ್ದಿ ತಿಳಿದು ಚನ್ನಬಸಮ್ಮನ ಮಗ ಮಹದೇವ ಓಡಿ ಬಂದ. ನಡೆದದ್ದನ್ನು ಅವ್ವನ ಬಾಯಿಂದ ಕೇಳಿದವನೇ ರೋಜಾಳತ್ತ ತಿರುಗಿದ.

“ನಮ್ಮಪ್ಪನ ಮೇಲೆ ಕಲ್ತ್ಕಳಕ್ಕೆ ಬಂದಿದ್ದೇನ್ರೀ ನೀವು? ಅವರಿಗೇನಾದ್ರೂ ಆಗ್ಲಿ, ನಿಮ್ಮನ್ನ ಕೋರ್ಟಿಗೆ ಎಳೀದೆ ಬುಡಲ್ಲ.”

“ಎಳೀರಿ ಸಾರ್. ಇಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳ್ತೀನಿ” ಎಂದಳು. ಧೈರ್ಯದಿಂದ ಹೇಳಿದ್ದಲ್ಲ. ಗೋಡೆಗೆ ಒರಗಿಕೊಂಡಿದ್ದರಿಂದ ನಿಂತಿದ್ದಳು, ಅಷ್ಟೆ.

ಚನ್ನಬಸಮ್ಮ ಮಗನ ಅಂಗಿ ಜಗ್ಗಿದಳು. “ಸುಮ್ಕಿರ್ಲಾ. ಅವಳು ಬರ್ದೆ ಇದ್ದಿದ್ರೆ ನಾನು ಸಾಯಂಕಾಲಕ್ಕೂ ಒಂದು ಎಳ್ನೀರು ಕುಡುಸ್ತಿದ್ದೆ.”

ಹೊತ್ತು ಮುಳುಗುವ ಮುನ್ನ ಡಾಕ್ಟರು ಹೊರಬಂದು, ಸದ್ಯಕ್ಕೆ ಗಂಡಾಂತರ ತಪ್ಪಿತು ಎಂದರು. ಕಿಡ್ನಿ ವರ್ಷಗಳಿಂದಲೇ ಸವೆದಿದೆ, ಪಥ್ಯದಿಂದ ಕೆಟ್ಟದ್ದಲ್ಲ, ಆದರೆ ಆ ಪಥ್ಯ ಇನ್ನೊಂದು ದಿನ ನಡೆದಿದ್ದರೆ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ರೋಜಾ ಆಸ್ಪತ್ರೆಯ ನಲ್ಲಿಯ ಬಳಿ ಹೋಗಿ ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ಅತ್ತಳು.

ಡಾಕ್ಟರ್ ಗುರುಪ್ರಸಾದ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಮಾತು ಬಿಟ್ಟರು. ಅವಳು ಅಂದಿನಿಂದ ರಿಪೋರ್ಟಿಲ್ಲದೆ ಬಂದವರನ್ನು ಯಾರೇ ಆದರೂ ವಾಪಸು ಕಳಿಸಿದಳು. ದೂರು ಹೆಚ್ಚಾಯಿತು. ವರ್ಷ ತುಂಬುವುದರೊಳಗೆ ಡಾಕ್ಟರೇ ಕರೆದು, “ನಿಮ್ಮ ಲೆಕ್ಕಾಚಾರ ಇಲ್ಲಿಗೆ ಹೊಂದಲ್ಲ” ಎಂದರು. ಅವಳು ಕೆಲಸ ಬಿಟ್ಟಳು. ಕೆಲವು ತಿಂಗಳು ಮನೆಯಲ್ಲೇ ಕೂತು, ಕೊನೆಗೆ ನರಸೀಪುರದ ಒಂದು ಚಿಕ್ಕ ಕ್ಲಿನಿಕ್ಕಿಗೆ ಸೇರಿಕೊಂಡಳು.

ಚನ್ನಬಸಮ್ಮ ಅಲ್ಲಿಗೇ ಹುಡುಕಿಕೊಂಡು ಬಂದಳು. ಗಂಡನ ಡಯಾಲಿಸಿಸ್ ಮುಗಿಸಿಕೊಂಡು ಮೈಸೂರಿನಿಂದ ಹಿಂದಿರುಗುವಾಗ ಅವರನ್ನು ಬೆಂಚಿನ ಮೇಲೆ ಕೂರಿಸಿ, ಸೊಪ್ಪನ್ನು ಹೇಗೆ ಬೇಯಿಸಿ ನೀರು ಬಸಿಯಬೇಕು, ಯಾವ ಹಣ್ಣು ಎಷ್ಟು ಎಂದು ಕೇಳುತ್ತಿದ್ದಳು. ರೋಜಾ ಹೇಳುತ್ತಿದ್ದಳು, ಹೇಳಿ ಮತ್ತೆ ಅವಳ ಬಾಯಿಂದಲೇ ಹೇಳಿಸುತ್ತಿದ್ದಳು. ಅವರು ಬರುವ ದಿನದ ಹಿಂದಿನ ರಾತ್ರಿ ರೋಜಾಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಹದೇವ ಜೊತೆಯಲ್ಲಿ ಬಂದರೂ ರಸ್ತೆಯಲ್ಲೇ ನಿಲ್ಲುತ್ತಿದ್ದ.

ಶಿವಸ್ವಾಮಿ ಇನ್ನೂ ಮೂರು ವರ್ಷ ಬದುಕಿದರು. ಅವರು ತೀರಿಕೊಂಡ ಸುದ್ದಿ ತಿಳಿದು ರೋಜಾ ತಲಕಾಡಿಗೆ ಹೋದಳು. ಚಪ್ಪರದಾಚೆ, ಹೋಗಲೋ ಬೇಡವೋ ಎಂದು ನಿಂತಿದ್ದಾಗ ಮಹದೇವನ ಕಣ್ಣಿಗೆ ಬಿದ್ದಳು. ಅವನು ಎದ್ದು ಬಂದ. ಇವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಇಲ್ಯಾಕೆ ನಿಂತ್ರಿ? ಅವ್ವ ಆಗ್ಲಿಂದ ಕೇಳ್ತಾ ಅವ್ಳೆ, ಬನ್ನಿ” ಎಂದು ಅವಳ ಮುಖ ನೋಡದೆಯೇ ಹೇಳಿ, ಜನರನ್ನು ಸರಿಸುತ್ತ ಮುಂದೆ ನಡೆದ. ರೋಜಾ ಅವನ ಹಿಂದೆ ಹೋಗಿ ಚನ್ನಬಸಮ್ಮನ ಪಕ್ಕದಲ್ಲಿ ಕೂತಳು.