ಎಲಾದಿಯೊ ಸಹಿ ಹಾಕಿದ ಪೀಪಾಯಿ

ಸಾನ್‌ಲೂಕಾರ್ ಊರಿನಲ್ಲಿ, ಹೊಳೆ ಕಡಲು ಸೇರುವ ಕಡೆ, ದೋನ್ಯಾ ಲಿಯೋಕಾದಿಯಾ ಅವರ ವೈನ್ ಉಗ್ರಾಣವಿದೆ. ಅಲ್ಲಿ ನಲವತ್ತೊಂದು ವರ್ಷ ಮೇಸ್ತ್ರಿಯಾಗಿದ್ದ ಎಲಾದಿಯೊಗೆ ಎರಡೇ ವಿಷಯಕ್ಕೆ ಜಂಬ. ಒಂದು ಅವನ ಮೂಗಿನ ಚುರುಕು, ಇನ್ನೊಂದು ಅದೇ ಮೂಗಿನ ಉದ್ದ.

ದಿನಾ ಬೆಳಗ್ಗೆ ಉದ್ದ ಹಿಡಿಯ ಪುಟ್ಟ ಲೋಟವನ್ನು ಪೀಪಾಯಿಗೆ ಇಳಿಸಿ, ಮೇಲೆತ್ತಿ, ಮೂಸಿ, ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದ. ಹಗುರ ವೈನಿಗೆ ಒಂದು ಗೀಟು, ಇನ್ನಷ್ಟು ಸ್ಪಿರಿಟ್ ಬೆರೆಸಿ ಗಟ್ಟಿ ಮಾಡಬೇಕಾದದ್ದಕ್ಕೆ ಎರಡು, ಹುಳಿ ಹತ್ತಿ ವಿನೆಗರಿಗೆ ಹೋಗಬೇಕಾದದ್ದಕ್ಕೆ ಅಡ್ಡಗೀಟು. ಆ ಹೊತ್ತಿನಲ್ಲಿ ನಾಲಗೆಗೆ ಹನಿಯನ್ನೂ ತಾಗಿಸುತ್ತಿರಲಿಲ್ಲ. ಕುಡಿಯುವುದು ಸಂಜೆಯ ಕೆಲಸ. ಅದನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತಿದ್ದ.

ನೋಡಲು ಬಂದ ದೊಡ್ಡ ಮನುಷ್ಯರಿಗೆ ಸೀಮೆಸುಣ್ಣ ಕೊಟ್ಟು ಪೀಪಾಯಿಯ ಮೇಲೆ ಸಹಿ ಹಾಕಿಸುವುದು ಅಲ್ಲಿನ ಪದ್ಧತಿ. ಗೂಳಿ ಕಾಳಗದ ವೀರನೊಬ್ಬನ ಸಹಿಯಿತ್ತು, ಹಾಡುಗಾತಿಯೊಬ್ಬಳದಿತ್ತು, ಮಂತ್ರಿಯೊಬ್ಬರ ನಾದಿನಿಯದೂ ಇತ್ತು. ಈ ಕೊನೆಯಾಕೆ ಒಳಗೆ ಬಂದದ್ದು ಶೌಚಾಲಯ ಎಲ್ಲಿದೆ ಎಂದು ಕೇಳಲು. ಇವರೆಲ್ಲರ ಸಹಿ ಅಳಿಸದಂತೆ ಸುತ್ತಲಿನ ಧೂಳು ಒರೆಸುವುದು ಎಲಾದಿಯೊನ ಪಾಲಿಗೆ ಬಂದಿತ್ತು. ತನ್ನ ಹೆಸರೂ ಒಂದು ಪೀಪಾಯಿಯ ಮೇಲೆ ಇರಬೇಕೆಂಬ ಆಸೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಆದರೂ ಊರಿಗೆಲ್ಲ ಗೊತ್ತಿತ್ತು.

ನಿವೃತ್ತಿಯ ದಿನ ಬಂತು. ಪೀಪಾಯಿ ಉರುಳಿಸುವ ನೀಕನೋರ್ ಅವನನ್ನು ಬಾಗಿಲಲ್ಲೇ ಹಿಡಿದುಕೊಂಡ.

"ಏನಣ್ಣಾ, ಇವತ್ತು ಘಮಘಮ! ಮೂಸೋ ಕೆಲಸದೋನು ಸೆಂಟು ಹಾಕ್ಕೊಂಡ್ ಬರೋದುಂಟಾ?"

"ಸೆಂಟಲ್ಲ ಕಣೋ, ಸೋಪು. ನಿಂಗದರ ಪರಿಚಯ ಇಲ್ಲ ಬಿಡು."

ಎಲ್ಲರೂ ಸೇರಿದ್ದರು, ಹೆಂಡತಿ ತೋಮಾಸಾ ಕೂಡ. ಒಡತಿ ದೋನ್ಯಾ ಅವನನ್ನು ಹೆಬ್ಬಾಗಿಲ ಪಕ್ಕದ ಪೀಪಾಯಿಯ ಬಳಿ ಕರೆದೊಯ್ದರು. ಅದು ಅವರೇ ಪಾಲಿಶ್ ಹಾಕಿಸಿ ಪ್ರದರ್ಶನಕ್ಕೆ ಇಟ್ಟಿದ್ದದ್ದು. ಆರು ತಿಂಗಳಿಂದ ಅದರ ಬಿರಡೆಯನ್ನು ಯಾರೂ ಮುಟ್ಟಿರಲಿಲ್ಲ.

"ಬಸ್ಸಿಳಿದು ಬರೋರಿಗೆ ಮೊದಲು ಕಾಣೋದೇ ಇದು, ಎಲಾದಿಯೊ. ಇನ್ಮೇಲೆ ಇದು ನಿಂದು. ಹೆಸರು ಬರಿ."

ಅವನ ಕಣ್ಣು ತುಂಬಿತು. ಸೀಮೆಸುಣ್ಣ ಕೈಗೆ ತೆಗೆದುಕೊಂಡ. ಆದರೆ ನಲವತ್ತೊಂದು ವರ್ಷದ ಅಭ್ಯಾಸ ಕೇಳಬೇಕಲ್ಲ! ಬಿರಡೆ ಕಿತ್ತ, ಲೋಟ ಇಳಿಸಿದ, ಮೂಸಿದ. ಮುಖ ಕಪ್ಪಿಟ್ಟಿತು.

"ದೋನ್ಯಾ, ಮೂಡಣ ಗಾಳಿ ಬೀಸುವಾಗ್ಲೂ ಈ ಬಾಗಿಲು ತೆಗೆದೇ ಇತ್ತಾ?"

"ಬಸ್ಸಿನೋರು ಬರ್ತಾರಲ್ಲಪ್ಪಾ, ಮುಚ್ಚೋದ್ ಹೇಗೆ?"

ಮೂಡಣದ ಬಿಸಿಗಾಳಿ ಒಳಗೆ ನುಗ್ಗಿದರೆ ವೈನಿನ ಮೇಲಿನ ಬಿಳಿ ಕೆನೆ ಸಾಯುತ್ತದೆ. ವೈನನ್ನು ಕಾಪಾಡುವ ಆ ಕೆನೆ ಹೋದ ಮೇಲೆ ಉಳಿಯುವುದು ಹುಳಿ. ಇದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

"ಹುಳಿ ಹತ್ತಿದೆ," ಎಂದ ಎಲಾದಿಯೊ.

ತೋಮಾಸಾ ಅವನ ತೋಳು ಜಗ್ಗಿದಳು. "ರೀ, ಇವತ್ತೊಂದಿನ ಆ ಮೂಗು ಮುಚ್ಕೊಂಡು ಬರೀರಿ."

"ತೋರ್ಸೋಕಿಟ್ಟಿರೋದು ತಾನೆ? ಯಾರಿಗೂ ಗೊತ್ತಾಗಲ್ಲ ಬಿಡಣ್ಣ," ಎಂದ ನೀಕನೋರ್.

"ನಂಗೆ ಗೊತ್ತಾಯ್ತಲ್ಲೋ! ಇಲ್ಲೇ ಬಿಟ್ರೆ ಪಕ್ಕದ ಸಾಲಿಗೂ ಹತ್ತುತ್ತೆ."

ಹೆಸರಿಗೆಂದು ಕೊಟ್ಟ ಸೀಮೆಸುಣ್ಣದಿಂದಲೇ ಪೀಪಾಯಿಯ ಮುಖದ ಮೇಲೆ ದೊಡ್ಡದಾಗಿ ವಿನೆಗರ್ ಗುರುತು ಎಳೆದ. ಗೆರೆ ನೆಟ್ಟಗೇ ಬಂತು.

ದೋನ್ಯಾ ಅವರ ಮುಖ ಕೆಂಪಾಯಿತು. "ಹಾಗಾದ್ರೆ ಕೆಳಗೆ ಸಹಿ ಹಾಕು. ಪೀಪಾಯಿ ಕೆಟ್ಟಿದೆ ಅಂದೋನು ಹೆಸರು ಬರೀಲೇಬೇಕು. ನಮ್ಮಪ್ಪನ ಕಾಲದಿಂದ ಬಂದ ನಿಯಮ," ಎಂದರು.

ಎಲಾದಿಯೊ ಬರೆದ. ಅಪ್ಪನ ಮನೆತನ, ಅಮ್ಮನ ಮನೆತನ ಯಾವುದನ್ನೂ ಬಿಡದೆ ಬರೆದ. ಆಗಷ್ಟೇ ಬಸ್ಸಿಳಿದ ಪ್ರವಾಸಿಗಳು ಯಾರೋ ಭಾರಿ ಆಸಾಮಿ ಇರಬೇಕೆಂದು ಚಪ್ಪಾಳೆ ತಟ್ಟಿದರು. ಅವರ ಕಣ್ಣೆದುರೇ ನೀಕನೋರ್ ಆ ಪೀಪಾಯಿಯನ್ನು ವಿನೆಗರ್ ಇಟ್ಟು ಮಾರುವ ಹಿತ್ತಲ ಕೊಟ್ಟಿಗೆಗೆ ಉರುಳಿಸಿಕೊಂಡು ಹೋದ. ಅಲ್ಲಿಗೆ ಯಾವ ಪ್ರವಾಸಿಯೂ ಕಾಲಿಡುವುದಿಲ್ಲ.

ಎರಡು ವರ್ಷ ಕಳೆಯಿತು. ಶನಿವಾರ ಬೆಳಗ್ಗೆ ಕೇರಿಯ ಹೆಂಗಸರು ಖಾಲಿ ಬಾಟಲಿ ಹಿಡಿದು ಆ ಕೊಟ್ಟಿಗೆಯ ಮುಂದೆ ಸಾಲು ನಿಲ್ಲುತ್ತಾರೆ. ಗೂಳಿ ಕಾಳಗದವನ ವೈನ್ ಕೊಡಿ ಎಂದು ಇಂದಿನವರೆಗೆ ಯಾರೂ ಕೇಳಿದ್ದಿಲ್ಲ. ಇಲ್ಲಿ ಮಾತ್ರ ಒಬ್ಬೊಬ್ಬಳೂ "ಎಲಾದಿಯೊದು ಕೊಡಮ್ಮಾ" ಎನ್ನುತ್ತಾಳೆ. ತೋಮಾಸಾ ಬೇರೆ ವಿನೆಗರನ್ನು ಅಡುಗೆಮನೆಗೆ ಸೇರಿಸುವುದಿಲ್ಲ, ಗಂಡನನ್ನೇ ಓಡಿಸುತ್ತಾಳೆ. ಅವನೂ ಸಾಲಿನಲ್ಲಿ ನಿಲ್ಲುತ್ತಾನೆ. ಮೊನ್ನೆ, ಮಾರುವ ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸು ಅವನ ಮುಖ ನೋಡದೆಯೇ, "ಯಾರ್ದು ಕೊಡ್ಲಿ ತಾತಾ?" ಎಂದಳು.

ಎಲಾದಿಯೊ ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ, ತನ್ನ ಪೂರ್ತಿ ಹೆಸರು ಹೇಳಿದ.