ಆರಿದ ಪಾಸ್ತಾದ ಮೇಲೊಂದು ಗುಮಾನಿ

ಯಾರಾದರೂ ನನ್ನ ಮುಂದೆ ಆರಿದ ಅಡುಗೆಯನ್ನು ತಂದಿಟ್ಟರೆ ನಾನು ಮೊದಲು ನೋಡುವುದು ಇಟ್ಟವರ ಮುಖವನ್ನು. ತಾಟಿನ ಕಡೆಗೆ ಕಣ್ಣು ಹೊರಳುವುದು ಆಮೇಲೆ. ಮುಖದಲ್ಲಿ ಸಂಕೋಚವಿದ್ದರೆ, ಪಾಪ, ಗ್ಯಾಸು ತೀರಿರಬೇಕು ಎಂದು ಕ್ಷಮಿಸಿಬಿಡುತ್ತೇನೆ. ಸಂಕೋಚದ ಜಾಗದಲ್ಲಿ ಉತ್ಸಾಹ ಕಂಡರೆ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ. ನಮ್ಮ ಸೀಮೆಯಲ್ಲಿ ಅನ್ನಕ್ಕೆ ಇರುವುದು ಎರಡೇ ಜಾತಿ: ಬಿಸಿ ಮತ್ತು ತಂಗಳು. ತಂಗಳು ತಿನ್ನುವುದು ಪಾಪವೇನೂ ಅಲ್ಲ, ಬೆಳಗಿನ ಹೊತ್ತು ಮೊಸರು, ಉಳ್ಳಾಗಡ್ಡಿಯ ಸಾಂಗತ್ಯದಲ್ಲಿ ಅದು ಪುಣ್ಯವೇ. ಆದರೆ ಮಧ್ಯಾಹ್ನದ ಊಟಕ್ಕೆ, ಅದೂ ಬೇಕೆಂದೇ ಆರಲು ಬಿಟ್ಟು, ಮೇಲೆ ಎಲೆ ಉದುರಿಸಿ ಅಲಂಕರಿಸಿ ತಂದಿಡುತ್ತಾರೆಂದರೆ ಅದರ ಹಿಂದೆ ಏನೋ ಮಸಲತ್ತು ಇರಲೇಬೇಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಈ ಗುಮಾನಿ ನನ್ನ ಹುಟ್ಟುಗುಣವಲ್ಲ, ಸರಕಾರ ಸಂಬಳ ಕೊಟ್ಟು ಕಲಿಸಿದ್ದು. ನಿವೃತ್ತನಾಗುವವರೆಗೆ ನಾನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರನಾಗಿದ್ದೆ. ಕೆರೂರಿನ ಸಂತೆಯಿಂದ ಇಳಕಲ್ಲಿನ ಬಜಾರದವರೆಗೆ ನಾನು ಕೈಯಲ್ಲಿ ಹಿಡಿದು ನೋಡದ ತಕ್ಕಡಿಯಿಲ್ಲ. ತೂಕದ ಕಲ್ಲಿನ ತಳದಿಂದ ಸೀಸ ಕೆರೆದು ತೆಗೆದಿದ್ದರೆ ಅದನ್ನು ಕಟ್ಟೆಯ ಮೇಲೆ ಇಟ್ಟಾಗಿನ ಸದ್ದಿನಲ್ಲೇ ಹೇಳುತ್ತಿದ್ದೆ. ತಕ್ಕಡಿಯ ಪರಡಿಯ ತಳಕ್ಕೆ ಅಂಟಿಸಿದ ಹುಣಸೆಹಣ್ಣಿನ ತುಣುಕನ್ನು ನಾಲ್ಕು ಮಾರು ದೂರದಿಂದ ಕಾಣುತ್ತಿದ್ದೆ. ಈ ವಿದ್ಯೆಯ ಕೆಡುಕೆಂದರೆ ಅದು ಕಚೇರಿಯ ಬಾಗಿಲಲ್ಲಿ ನಿಲ್ಲದೆ ಮನೆಯವರೆಗೂ ಬೆನ್ನುಹತ್ತಿ ಬರುವುದು. ತಿರುಗಾಟದಲ್ಲಿ ಯಾರಾದರೂ ಬಿಸಿಬಿಸಿ ಊಟ ಹಾಕಿದರೆ ಲಂಚದ ವಾಸನೆ, ತಣ್ಣನೆಯ ಮಜ್ಜಿಗೆಯಲ್ಲೇ ಮುಗಿಸಿದರೆ ಅವಮಾನದ ವಾಸನೆ ನನಗೆ ಬರುತ್ತಿತ್ತು. ಹೀಗಾಗಿ ಆ ಮೂವತ್ತು ವರ್ಷಗಳಲ್ಲಿ ಪರರ ಮನೆಯ ಯಾವ ಊಟವನ್ನೂ ನಾನು ನೆಮ್ಮದಿಯಿಂದ ಉಂಡ ನೆನಪಿಲ್ಲ. ನೆಮ್ಮದಿಯ ಊಟ ಸಿಗುತ್ತಿದ್ದುದು ನನ್ನ ಮನೆಯಲ್ಲಿ ಮಾತ್ರ.

ನೆಮ್ಮದಿ ಎಂದರೆ ಏನು ಎಂಬುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಾನು ಟೇಬಲ್ಲಿಗೆ ಬಂದು ಕೂರುತ್ತಿದ್ದೆ. ಒಳಗೆ ನನ್ನ ಹೆಂಡತಿ ಪಾರ್ವತಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹಂಚಿನ ಮೇಲೆ ಉಬ್ಬಿದ ರೊಟ್ಟಿ ಆವಿಯಾಡುತ್ತಿರುವಾಗಲೇ ನನ್ನ ತಾಟಿಗೆ ಬೀಳಬೇಕು. ಅದು ಮುಗಿಯುವ ಹೊತ್ತಿಗೆ ಎರಡನೆಯದು, ಆಮೇಲೆ ಮೂರನೆಯದು. ನಡುವೆ ಅರ್ಧ ನಿಮಿಷ ತಡವಾದರೆ ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ನಮ್ಮಪ್ಪನೂ ಹೀಗೇ ಉಂಡಿದ್ದ, ಅವನಪ್ಪನೂ ಹೀಗೇ ಉಂಡಿರಬೇಕು.

ಅಂಥ ಮನೆಯಲ್ಲಿ ಈ ವರ್ಷದ ಏಪ್ರಿಲ್ಲಿನ ಒಂದು ಮಧ್ಯಾಹ್ನ ರೊಟ್ಟಿಯ ಸದ್ದು ಕೇಳಲಿಲ್ಲ. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು. ಪಾರ್ವತಿ ಫ್ರಿಜ್ಜಿನಿಂದ ಒಂದು ಬೋಗುಣಿ ತೆಗೆದು ಟೇಬಲ್ಲಿನ ಮೇಲಿಟ್ಟಳು. ಅದರೊಳಗೆ ಓರೆಯಾಗಿ ಕತ್ತರಿಸಿದ ಬಿಳಿಯ ಕೊಳವೆಗಳು, ಸೌತೆಕಾಯಿ, ಟೊಮೆಟೊ, ಡಬ್ಬ ಮೆಣಸಿನಕಾಯಿ, ಉಳ್ಳಾಗಡ್ಡಿ, ಪನೀರಿನ ತುಣುಕು, ಮೇಲೊಂದಿಷ್ಟು ಹಸಿರೆಲೆ.

"ಇಟಲಿ ಮಂದಿ ಬ್ಯಾಸಿಗ್ಯಾಗ ಹಿಂಗ ಉಣ್ತಾರಂತ್ರಿ. ಫೋನಿನ್ಯಾಗ ನೋಡಿ ಮಾಡೇನಿ," ಎಂದಳು.

ನಾನು ಆಕೆಯ ಮುಖ ನೋಡಿದೆ. ಸಂಕೋಚದ ಸುಳಿವೂ ಇರಲಿಲ್ಲ.

ವಿಚಾರಣೆ ಆರಂಭಿಸಿದೆ. ಮೊದಲನೆಯ ಆರೋಪಿ ಆ ಕೊಳವೆ. ನಡುವೆ ತೂತಿರುವ ಪದಾರ್ಥವನ್ನು ಮಾರುವವನು ತೂತನ್ನೂ ಸೇರಿಸಿಯೇ ಮಾರುತ್ತಾನೆಂದು ನನ್ನ ವೃತ್ತಿಬುದ್ಧಿ ಎಚ್ಚರಿಸಿತು. ತೂಕಕ್ಕೆ ಮಾರುವಾಗ ತೂತಿನಿಂದ ಯಾರಿಗೂ ಮೋಸವಾಗದೆಂಬುದು ಹೊಳೆಯಲು ಎರಡು ದಿನ ಬೇಕಾಯಿತು. ಎರಡನೆಯ ಆರೋಪಿ ಎಣ್ಣೆ. ಇಟಲಿಯವರು ಹಾಕುವ ಆಲಿವ್ ಎಣ್ಣೆಯನ್ನು ನಾನು ಕಂಡದ್ದು ಔಷಧದ ಅಂಗಡಿಯ ಪುಟ್ಟ ಸೀಸೆಯಲ್ಲಿ, ಹಸುಗೂಸುಗಳ ಮೈಗೆ ತಿಕ್ಕುವ ದ್ರವ್ಯವಾಗಿ. ಅದನ್ನು ಉಣ್ಣುವುದೆಂದರೆ ಹೇಗೆ ಎಂದು ಕೇಳಿದರೆ, ತಾನು ಹಾಕಿದ್ದು ಮನೆಯ ಕುಸುಬಿ ಎಣ್ಣೆಯೆಂದು ಪಾರ್ವತಿ ಹೇಳಿದಳು. ಹಸಿರೆಲೆ ಹಿಂದಿನ ಮನೆಯ ಟೇಲರ್ ಸಾಹೇಬರ ಅಂಗಳದ ಕಾಮಕಸ್ತೂರಿಯಂತೆ, ಹುಳಿ ನಮ್ಮದೇ ಲಿಂಬೆಯದಂತೆ. ಕೊಳವೆಗಳನ್ನು ಉಪ್ಪು ಹಾಕಿದ ನೀರಿನಲ್ಲಿ ಬೆಳಿಗ್ಗೆ ಏಳಕ್ಕೇ ಕುದಿಸಿ, ಬಸಿದು, ತಣ್ಣೀರಿನಲ್ಲಿ ತೊಳೆದು, ಎಣ್ಣೆ ಸವರಿ ಇಟ್ಟುಬಿಟ್ಟರೆ ಮಧ್ಯಾಹ್ನ ಒಲೆ ಹಚ್ಚುವ ಪ್ರಮೇಯವೇ ಇಲ್ಲವಂತೆ. ಸಾಕ್ಷ್ಯಗಳೆಲ್ಲ ಒಂದಕ್ಕೊಂದು ಇಷ್ಟು ಚೆನ್ನಾಗಿ ತಾಳೆಯಾದಾಗ ಅನುಭವಸ್ಥ ಅಧಿಕಾರಿಗೆ ಗುಮಾನಿ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ರುಚಿಯ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕೆಟ್ಟದಾಗಿರಲಿಲ್ಲ. ಹಿಂದೆ ಬೇಸಿಗೆಯಲ್ಲಿ ನಮ್ಮವ್ವ, ಚಿಕ್ಕವ್ವಂದಿರು ಓಣಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಗೋದಿ ಹಿಟ್ಟಿನ ಶಾವಿಗೆ, ಗವಲಿ ಹೊಸೆದು ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು. ಇಟಲಿಯವರೂ ಅದೇ ಗೋದಿಯನ್ನು ಅದೇ ರೀತಿ ತಿರುಚಿ ಒಣಗಿಸಿದ್ದಾರೆ. ಬೆಲ್ಲ ಹಾಲಿನ ಸಂಸ್ಕಾರ ಮಾತ್ರ ಅವರಿಗೆ ತಪ್ಪಿಹೋಗಿದೆ. ಇದನ್ನು ನಾನು ಗಟ್ಟಿಯಾಗಿ ಒಪ್ಪಲಿಲ್ಲ. ಒಪ್ಪಿದರೆ ಮರುದಿನವೂ ಅದೇ ಬರುತ್ತದೆಂಬ ಹೆದರಿಕೆಯಿತ್ತು. ಒಪ್ಪದಿದ್ದರೂ ಮರುದಿನ ಅದೇ ಬಂತು.

ಅಸಲಿಗೆ ನನ್ನನ್ನು ಕಂಗೆಡಿಸಿದ್ದು ಬೋಗುಣಿಯೊಳಗಿನ ವಸ್ತುವಲ್ಲ. ಬೋಗುಣಿಯನ್ನಿಟ್ಟ ಪಾರ್ವತಿ ಒಳಗೆ ಹೋಗದೆ, ಇನ್ನೊಂದು ತಾಟು ತಂದು, ನನ್ನೆದುರಿನ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದಳು. ಮದುವೆಯಾದ ಮೂವತ್ತಮೂರು ವರ್ಷಗಳಲ್ಲಿ ಆಕೆ ಮಧ್ಯಾಹ್ನದ ಹೊತ್ತು ಅಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಮೊದಲ ದಿನ ಕುರ್ಚಿಯ ಅಂಚಿನಲ್ಲಿ, ಯಾರೋ ಕರೆದರೆ ಎದ್ದು ಓಡಲು ಸಿದ್ಧವಾಗಿರುವವರ ಹಾಗೆ ಕೂತಿದ್ದಳು. ಎರಡು ತುತ್ತಿಗೊಮ್ಮೆ ಒಲೆಯ ಕಡೆ ತಿರುಗಿ ನೋಡುತ್ತಿದ್ದಳು, ಅಲ್ಲಿ ಏನೂ ಇಲ್ಲದಿದ್ದರೂ.

ಇವಳಿಗೆ ಏನೋ ಬೇಕಾಗಿದೆ, ಕೇಳುವ ಧೈರ್ಯವಾಗದೆ ಎದುರಿಗೆ ಬಂದು ಕೂತಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಇಳಕಲ್ಲ ಸೀರೆಯಿರಬಹುದೆಂದುಕೊಂಡು ನಾನಾಗಿಯೇ ಮಾತು ತೆಗೆದರೆ, "ಇದ್ದವನ್ನ ಉಡಾಕ ಆಗವಲ್ದು," ಎಂದಳು. ಶಿವಯೋಗ ಮಂದಿರಕ್ಕೆ ಹೋಗಿ ಬರೋಣವೇ ಎಂದರೆ, ಈ ಬಿಸಿಲಲ್ಲಿ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದಳು. ಆಗ ನನ್ನ ಮನಸ್ಸು ಕೆಟ್ಟ ಕಡೆಗೆ ಹರಿಯಿತು. ಒಲೆಯ ಮುಂದೆ ನಿಲ್ಲಲಾಗದಂಥ ಕಾಯಿಲೆ ಏನಾದರೂ ಬಂದು ನನ್ನಿಂದ ಮುಚ್ಚಿಡುತ್ತಿದ್ದಾಳೆಯೇ? ಆಕೆ ಇಲ್ಲದ ಹೊತ್ತು ನೋಡಿ ಕಪಾಟಿನಲ್ಲಿ ದವಾಖಾನೆಯ ಚೀಟಿಗಳನ್ನು ಹುಡುಕಿದೆ. ಸಿಕ್ಕವೆಲ್ಲ ನನ್ನ ರಕ್ತದೊತ್ತಡದವು. ಬದಾಮಿಯಲ್ಲಿ ಟೀಚರಾಗಿರುವ ಮಗಳಿಗೆ ಗುಟ್ಟಾಗಿ ಫೋನು ಮಾಡಿ, ನಿಮ್ಮವ್ವ ಆರಾಮ ಇದ್ದಾಳೆಯೇ ಎಂದು ಕೇಳಿದೆ.

"ಆಕಿ ದಿನಾ ನಿಮ್ಮ ಎದುರಿಗೇ ಕುಂತ ಉಣ್ಣಾಕತ್ತಾಳಂತಲ್ಲ ಅಪ್ಪಾ, ಆಕಿನ್ನ ಕೇಳ್ರಿ," ಎಂದು ಮಗಳು ನಕ್ಕಳು. ಅಂದರೆ ಸುದ್ದಿ ಬದಾಮಿಯನ್ನೂ ಮುಟ್ಟಿತ್ತು.

ಕೇಳಿದೆ. "ನೀ ಹಿಂಗ್ಯಾಕ ನನ್ನ ಎದುರಿಗೆ ಕುಂಡ್ರಾಕತ್ತಿ?"

ಪಾರ್ವತಿ ತುತ್ತನ್ನು ನಿಧಾನವಾಗಿ ನುಂಗಿದಳು. "ಹಸಿವ್ಯಾಗಿರ್ತೈತ್ರಿ," ಎಂದಳು.

ಇದಕ್ಕಿಂತ ಸರಳವಾದ ತಪ್ಪೊಪ್ಪಿಗೆಯನ್ನು ನನ್ನ ಸೇವಾವಧಿಯಲ್ಲಿ ಕೇಳಿರಲಿಲ್ಲ, ಹಾಗಾಗಿ ನಂಬಲೂ ಇಲ್ಲ. ಆದರೆ ಗುಮಾನಿಯಿಂದ ನೋಡುವುದಕ್ಕೂ ಒಂದು ಲಾಭವಿದೆ: ನೋಡುವುದಂತೂ ಆಗುತ್ತದೆ. ಹತ್ತು ದಿನ ಆಕೆಯ ಮೇಲೆ ಕಣ್ಣಿಟ್ಟುದರ ಫಲವಾಗಿ, ಆಕೆ ಪನೀರನ್ನು ಕೊನೆಗೆಂದು ತಾಟಿನ ಬದಿಗೆ ಸರಿಸಿಡುತ್ತಾಳೆಂದೂ, ಹಸಿಮೆಣಸಿನಕಾಯಿಯನ್ನು ನನಗಿಂತ ಧಾರಾಳವಾಗಿ ಕಡಿಯುತ್ತಾಳೆಂದೂ, ಉಣ್ಣುವಾಗ ಮಾತಾಡಲು ಆಕೆಗೆ ಇಷ್ಟವೆಂದೂ ತಿಳಿದುಬಂತು. ಹನ್ನೊಂದನೆಯ ದಿನ ಆಕೆ ಕುರ್ಚಿಗೆ ಬೆನ್ನಾನಿಸಿ ಕೂತಿದ್ದಳು.

ನನಗೂ ಉತ್ಸಾಹ ಬಂದು ಮಾರ್ಕೆಟ್ಟಿನಿಂದ ಅರ್ಧ ಕಿಲೊ ಎಳೆಯ ಮುಳ್ಳು ಬದನೆಕಾಯಿ ಆರಿಸಿ ತಂದೆ. ಇಟಲಿಯವರು ಅದನ್ನೂ ಹುರಿದು ಬೆರೆಸುತ್ತಾರೆಂದು ಅದೇ ಫೋನಿನಲ್ಲಿ ನಾನೂ ಕದ್ದು ನೋಡಿದ್ದೆ. ಪಾರ್ವತಿ ಮರುಮಾತಿಲ್ಲದೆ ಬೆಳಿಗ್ಗೆಯೇ ಹೆಚ್ಚಿ ಹುರಿದಳು. ಮಧ್ಯಾಹ್ನ ನೋಡಿದರೆ ಬದನೆಯ ಹೋಳುಗಳಷ್ಟೂ ನನ್ನ ತಾಟಿನಲ್ಲಿ. ಆಕೆಯ ತಾಟಿನಲ್ಲಿ ಒಂದೂ ಇಲ್ಲ.

"ನಿನಗ್ಯಾಕ ಇಲ್ಲ?" ಎಂದೆ.

"ನಾ ಬದನಿಕಾಯಿ ತಿನ್ನಂಗಿಲ್ರಿ."

"ಯಾವಾಗಿಂದ?"

"ಸಣ್ಣಾಕಿ ಇದ್ದಾಗಿಂದ. ತಿಂದ್ರ ತುಟಿ ಕಡೀತಾವು."

ಓದುಗ ಮಹಾಶಯರೇ, ನಾನು ಎಣಗಾಯಿಯ ಪರಮ ಭಕ್ತ. ಮಸಾಲೆ ತುಂಬಿದ ಇಡೀ ಬದನೆಕಾಯಿಯ ಆ ಪಲ್ಲೆ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಆಗುತ್ತದೆ. ಮೂವತ್ತಮೂರು ವರ್ಷ ಆ ಲೆಕ್ಕದಲ್ಲಿ ಬದನೆಯನ್ನು ಸೀಳಿ, ತುಂಬಿ, ಬೇಯಿಸಿ ಬಡಿಸಿದವಳು, ನಾನು ಕೈತೊಳೆದು ಎದ್ದ ಮೇಲೆ ಒಳಗೆ ಒಬ್ಬಳೇ ಕೂತು ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಉಂಡಿದ್ದಳು. ಜಿಲ್ಲೆಯ ಅಷ್ಟೂ ತಕ್ಕಡಿಗಳನ್ನು ಅನುಮಾನಿಸಿದ ಮನುಷ್ಯನಿಗೆ ಇದೊಂದು ತಿಳಿದಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಬೇಕೆನ್ನಿಸಿತು. ಎಲ್ಲಿ ಹೇಳಬೇಕಿತ್ತು, ಯಾವಾಗ ಹೇಳಬೇಕಿತ್ತು? ನನಗೆ ನಿಜವಾಗಿ ನಾಚಿಕೆಯಾಯಿತು, ತಾಟಿನಲ್ಲಿದ್ದ ಬದನೆಯನ್ನು ಬದಿಗೆ ಸರಿಸಿದೆ.

ಅದಾದ ಮೂರನೆಯ ದಿನ ಹುನಗುಂದದಿಂದ ಗಂಗಕ್ಕನ ಫೋನು ಬಂತು. ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ, ಎಪ್ಪತ್ತು ದಾಟಿದವಳು. ನಮ್ಮವ್ವ ಹೋದ ಮೇಲೆ ನಮ್ಮ ಮನೆಯ ರೀತಿ ರಿವಾಜುಗಳ ಉಸ್ತುವಾರಿ ಆಕೆಯದೇ. ಎಂಟು ದಿನ ಇದ್ದುಹೋಗಲು ಬರುತ್ತಿದ್ದಳು. ಫೋನು ಇಟ್ಟ ಪಾರ್ವತಿ ಉಳಿದ ಪಾಸ್ತಾದ ಪೊಟ್ಟಣದ ಬಾಯಿಗೆ ರಬ್ಬರು ಸುತ್ತಿ ಮೇಲಿನ ಫಳಿಯಲ್ಲಿಟ್ಟಳು.

"ಅಕ್ಕಾರ ಮುಂದ ಇದೆಲ್ಲ ನಡಿಯಂಗಿಲ್ಲ. ಬಿಸಿ ರೊಟ್ಟಿ ಬಡೀತೇನಿ, ನೀವಿಬ್ರೂ ಉಣ್ಣೀರಂತ," ಎಂದಳು. ಆಕೆಗೆ ಬೇಸರವೂ ಇದ್ದಂತಿರಲಿಲ್ಲ, ಅದೇ ನನಗೆ ಚುಚ್ಚಿತು.

ಎಂಟು ದಿನ ಎಂಬುದು ಎಂಟೇ ದಿನದಲ್ಲಿ ಮುಗಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅಕ್ಕ ಹೋಗುವಷ್ಟರಲ್ಲಿ ಮಳೆ ಬರುತ್ತದೆ, ಹವೆ ತಂಪಾಗುತ್ತದೆ, ಬಿಸಿ ರೊಟ್ಟಿಗೆ ಮೊದಲು ಕೈಚಾಚುವವನು ನಾನೇ ಆಗಿರುತ್ತೇನೆ. ಈ ವಿಷಯದಲ್ಲಿ ನನ್ನ ಮೇಲೆ ನನಗಿದ್ದ ಗುಮಾನಿ ಯಾವ ವರ್ತಕನ ಮೇಲೂ ಇರಲಿಲ್ಲ. ಆ ಕುರ್ಚಿ ಒಮ್ಮೆ ಖಾಲಿಯಾದರೆ ಮತ್ತೆ ಖಾಲಿಯೇ. ಅಕ್ಕ ಬರುವ ದಿನ ಬೆಳಿಗ್ಗೆ ಸ್ಟೂಲು ಹತ್ತಿ ಪೊಟ್ಟಣವನ್ನು ನಾನೇ ಕೆಳಗಿಳಿಸಿ, ಮೂರು ಮಂದಿಗೆ ಸಾಕಾಗುವಷ್ಟು ಮಾಡು ಎಂದೆ.

ಪಾರ್ವತಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಏನ್ ನಡಸೀರಿ ನೀವು?" ಎಂದಳು.

ಮಧ್ಯಾಹ್ನದ ಬಸ್ಸಿಗೆ ಗಂಗಕ್ಕ ಬಂದಳು. ಕೈಕಾಲು ತೊಳೆದು ಟೇಬಲ್ಲಿಗೆ ಬಂದವಳು ಮೂರು ತಾಟುಗಳನ್ನು ಎಣಿಸಿ, ಬೋಗುಣಿಯ ಹೊರಮೈಯನ್ನು ಬೆರಳ ತುದಿಯಿಂದ ಮುಟ್ಟಿದಳು.

"ಇದು ಆರೇತಲ್ಲೋ ತಮ್ಮಾ," ಎಂದಳು.

ಪಾರ್ವತಿ ಅಷ್ಟರಲ್ಲಿ ಅರ್ಧ ಎದ್ದಾಗಿತ್ತು. "ಎರಡ ಬಿಸಿ ರೊಟ್ಟಿ ಬಡೀತೇನ್ರಿ ಅಕ್ಕಾರ, ಐದ ನಿಮಿಷ."

"ಕುಂಡ್ರು," ಎಂದೆ. ಬೇಕಾದುದಕ್ಕಿಂತ ಜೋರಾಗಿಯೇ ಬಂತು. ಪಾರ್ವತಿ ನಿಂತೂ ನಿಲ್ಲದೆ, ಕೂತೂ ಕೂರದೆ ಟೇಬಲ್ಲಿಗೆ ಕೈಯಾನಿಸಿಕೊಂಡಳು. ಅಕ್ಕ ನನ್ನ ಕಡೆಗೆ ತಿರುಗಿದಳು.

"ಯಾಕ, ಹುನಗುಂದದಿಂದ ನಾ ಎಣಗಾಯಿ ಉಣ್ಣಾಕಂತ ಬಂದ್ರ, ಈಕಿ ಮಾಡಬಾರ್ದೇನು?"

ನಾನು ಎದೆಯೆತ್ತಿಕೊಂಡು, ದೊಡ್ಡ ಅಕ್ರಮವೊಂದನ್ನು ಬಯಲಿಗೆಳೆದ ಅಧಿಕಾರಿಯ ಧಾಟಿಯಲ್ಲಿ ಹೇಳಿದೆ: "ಅಕ್ಕಾ, ಪಾರ್ವತಿ ಬದನಿಕಾಯಿ ತಿನ್ನಂಗಿಲ್ಲ."

"ಅದು ಆಕಿ ಈ ಮನಿಗೆ ಬಂದ ವಾರದಾಗ ನನಗ ಗೊತ್ತಾತು," ಎಂದಳು ಗಂಗಕ್ಕ. "ನಿನಗ ಯಾವಾಗ ಗೊತ್ತಾತು?"

"ಮೊನ್ನೆ," ಎಂದೆ.

ಅಕ್ಕ ಪಾರ್ವತಿಯ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಬೋಗುಣಿಯನ್ನು ತನ್ನತ್ತ ಎಳೆದುಕೊಂಡು, ಮೊದಲು ಆಕೆಯ ತಾಟಿಗೆ ಬಡಿಸಿದಳು. ಅಡುಗೆ ಆಗಲೇ ಆರಿತ್ತು, ಇನ್ನಷ್ಟು ಆರುತ್ತದೆಂಬ ಭಯ ಯಾರಿಗೂ ಇರಲಿಲ್ಲ, ಎದ್ದು ಒಳಗೆ ಹೋಗಬೇಕಾದ ಅವಸರವೂ ಇರಲಿಲ್ಲ. ಮೂವರೂ ನಿಧಾನವಾಗಿ ಉಂಡೆವು.